ಹಾಡಿನಲ್ಲಿ ಪ್ರೇಯಸಿ, ತೆರೆಯ ಮೇಲೆ ಪ್ರೇತ: ಮೆಕ್ಸಿಕೊದ ಲಾ ಯೊರೋನಾ

ನಮಸ್ಕಾರ. ಮೆಕ್ಸಿಕೊದಲ್ಲಿ ಕತ್ತಲಾದ ಮೇಲೆ ಮಕ್ಕಳು ಹೊಳೆಯ ಕಡೆ ಸುಳಿಯದಂತೆ ಹಿರಿಯರು ಹೇಳುವ ಹೆಸರೊಂದಿದೆ: ಲಾ ಯೊರೋನಾ, ಅಳುವ ಹೆಂಗಸು. ನಂಬಿದ ಗಂಡಸು ಕೈಬಿಟ್ಟಾಗ ಸಂಕಟ, ಸಿಟ್ಟುಗಳಲ್ಲಿ ಹೆತ್ತ ಮಕ್ಕಳನ್ನೇ ನೀರಿಗೆ ನೂಕಿ, ಸತ್ತ ಮೇಲೂ ನೆಮ್ಮದಿ ಕಾಣದೆ, ಬಿಳಿ ಉಡುಪಿನಲ್ಲಿ ದಡದುದ್ದಕ್ಕೂ ಮಕ್ಕಳನ್ನು ಹುಡುಕುತ್ತ ಗೋಳಾಡುವವಳು ಅವಳು. ಕಥೆ ಊರಿಂದ ಊರಿಗೆ ಬದಲಾಗುತ್ತದೆ, ಆದರೆ ಆ ಅಳು ಮಾತ್ರ ಎಲ್ಲೆಡೆಯೂ ಇದೆ.

ನನ್ನನ್ನು ಬಹಳ ಕಾಲದಿಂದ ಕಾಡಿರುವ ಸಂಗತಿ ಬೇರೆ. ಅವಳ ಹೆಸರಿನ ಪ್ರಸಿದ್ಧ ಜನಪದ ಹಾಡಿನಲ್ಲಿ ಮುಳುಗಿದ ಮಕ್ಕಳೂ ಇಲ್ಲ, ಕೊಲೆಯೂ ಇಲ್ಲ. ಓಆಹಾಕಾ ರಾಜ್ಯದ ತೆಹುವಾಂತೆಪೆಕ್ ಪ್ರದೇಶದ ಆ ಹಾಡಿನಲ್ಲಿ ಯೊರೋನಾ ಎಂಬವಳು ಪ್ರೇಯಸಿ. ವಿಪಿಲ್ ಎಂಬ ಕಸೂತಿಯ ಮೇಲಂಗಿ ತೊಟ್ಟು ಚರ್ಚಿನಿಂದ ಹೊರಬರುತ್ತಿದ್ದ ಅವಳನ್ನು ಕಂಡು ಸಾಕ್ಷಾತ್ ಮೇರಿ ಮಾತೆಯೇ ಎಂದುಕೊಂಡೆ ಎನ್ನುತ್ತಾನೆ ಹಾಡುವವನು. ಮತ್ತೊಂದು ಚರಣದಲ್ಲಿ ಚಳಿಯಿಂದ ಸಾಯುತ್ತಿದ್ದೇನೆ, ನಿನ್ನ ಶಾಲು ಹೊದಿಸು ಎಂದು ಬೇಡುತ್ತಾನೆ. ಇದಕ್ಕೆ ಒಬ್ಬ ಕವಿಯಿಲ್ಲ, ಇಷ್ಟೇ ಚರಣಗಳೆಂಬ ಲೆಕ್ಕವೂ ಇಲ್ಲ. ಆ ಸೀಮೆಯವರೇ ಆದ ಲೇಖಕ ಆಂದ್ರೆಸ್ ಎನೆಸ್ತ್ರೋಸಾ ಇಪ್ಪತ್ತನೆಯ ಶತಮಾನದಲ್ಲಿ ಇದನ್ನು ದೇಶದ ಉಳಿದ ಭಾಗಗಳಿಗೆ ತಲುಪಿಸಿದರು. ಹಾಡುವವರು ತಮಗೆ ಬೇಕಾದ ಚರಣಗಳನ್ನು ಆಯ್ದುಕೊಳ್ಳುತ್ತಾರೆ; ಹಾಗಾಗಿ ಇದೇ ಹಾಡು ಒಬ್ಬರ ಬಾಯಲ್ಲಿ ಚೆಲ್ಲಾಟವಾದರೆ ಇನ್ನೊಬ್ಬರ ಬಾಯಲ್ಲಿ ಶೋಕಗೀತೆಯಾಗುತ್ತದೆ.

ಶೋಕದ ತುದಿಯನ್ನು ಮುಟ್ಟಿದವರು ಚವೇಲಾ ವರ್ಗಾಸ್. 1919ರಲ್ಲಿ ಕೋಸ್ಟರಿಕಾದಲ್ಲಿ ಹುಟ್ಟಿ, ಹದಿಹರೆಯದಲ್ಲಿ ಮೆಕ್ಸಿಕೊಗೆ ಬಂದು, ಗಂಡಸರಂತೆ ಪ್ಯಾಂಟು ಧರಿಸಿ, ತುತ್ತೂರಿ, ಪಿಟೀಲುಗಳ ಮರಿಯಾಚಿ ಮೇಳದ ಅಬ್ಬರವನ್ನು ಬದಿಗಿಟ್ಟು ಬರಿಯ ಗಿಟಾರಿನೊಂದಿಗೆ ಹಾಡಿದ ಧೀಮಂತೆ ಅವರು. 2002ರ ‘ಫ್ರಿಡಾ’ ಚಿತ್ರದಲ್ಲಿ, ಎಂಬತ್ತು ದಾಟಿದ ಆ ಗಾಯಕಿ ಕಪ್ಪು ಹೊದಿಕೆಯಲ್ಲಿ ಕುಳಿತು ಈ ಹಾಡನ್ನು ಎತ್ತಿಕೊಳ್ಳುತ್ತಾರೆ. ದನಿ ಒಡೆದಿದೆ, ಉಸಿರು ಸಾಲದಾಗಿದೆ. ಆದರೂ ‘ಯೊರೋನಾ’ ಎಂದು ಕರೆಯುವಾಗ ಆ ಒಡಕೇ ಹಾಡಿನ ಜೀವವಾಗುತ್ತದೆ. ನನ್ನ ಮಟ್ಟಿಗೆ ಈ ಹಾಡಿನ ಇನ್ನಾವ ಗಾಯನವೂ ಇದರ ಹತ್ತಿರ ಸುಳಿಯುವುದಿಲ್ಲ. 2017ರ ‘ಕೋಕೋ’ ಎಂಬ ಅನಿಮೇಷನ್ ಚಿತ್ರದಲ್ಲಿ, ದಶಕಗಳಿಂದ ಮನೆಯಲ್ಲಿ ಸಂಗೀತವನ್ನೇ ನಿಷೇಧಿಸಿದ್ದ ಇಮೆಲ್ಡಾ ವೇದಿಕೆಯ ಬೆಳಕಿಗೆ ಸಿಕ್ಕಿಬಿದ್ದು ಅಳುಕುತ್ತಲೇ ಹಾಡಲು ತೊಡಗುವ ದೃಶ್ಯವೂ ನನಗೆ ಬಹಳ ಪ್ರಿಯ.

ಸಿನಿಮಾ ಹಿಡಿದದ್ದು ಬೇರೆಯೇ ದಾರಿ. ರಮೋನ್ ಪೆಯೋನ್ ನಿರ್ದೇಶನದ, 1933ರ ‘ಲಾ ಯೊರೋನಾ’ ಮೆಕ್ಸಿಕೊದ ಮೊದಲ ಮಾತಿನ ಭಯಾನಕ ಚಿತ್ರವೆಂದು ಹೆಸರಾಗಿದೆ. 1963ರಲ್ಲಿ ತೆರೆಕಂಡ, ರಫಾಯೆಲ್ ಬಾಲೆದೋನರ ‘ಯೊರೋನಾಳ ಶಾಪ’ದ ಆರಂಭದಲ್ಲೇ ಕಾಡಿನ ಮಂಜಿನ ನಡುವೆ ಕಪ್ಪು ಉಡುಪಿನ ಹೆಂಗಸೊಬ್ಬಳು ಬೇಟೆನಾಯಿಗಳ ಹಗ್ಗ ಹಿಡಿದು ನಿಂತಿದ್ದಾಳೆ, ಅವಳ ಕಣ್ಣಿನ ಜಾಗದಲ್ಲಿರುವುದು ಎರಡು ಕಪ್ಪು ಕುಳಿಗಳು. ನೋಡಿದವರು ಅದನ್ನು ಮರೆಯಲಾರರು. ಆದರೆ ಅವಳು ಹೆದರಿಸುತ್ತಾಳೆ, ಅಷ್ಟೇ. ಅಳುವುದಕ್ಕೆ ಅವಳಿಗಿರುವ ಕಾರಣ ಹಿಂದೆ ಸರಿದುಬಿಡುತ್ತದೆ. ಅವಳ ಕುರಿತ 2019ರ ಹಾಲಿವುಡ್ ಚಿತ್ರದ ಪಾಡೂ ಇದೇ.

ಅದೇ ವರ್ಷ ಗ್ವಾಟೆಮಾಲಾದ ಹಾಯ್ರೋ ಬುಸ್ತಮಾಂತೆ ತಮ್ಮ ‘ಲಾ ಯೊರೋನಾ’ದಲ್ಲಿ ಈ ಕಥೆಯ ಅಪರಾಧಿಯನ್ನೇ ಬದಲಿಸಿದರು. ಅಲ್ಲಿನ ಮಾಜಿ ಸರ್ವಾಧಿಕಾರಿ ಎಫ್ರಾಯಿನ್ ರಿಯೋಸ್ ಮೋಂಟ್‌ಗೆ ಮೂಲನಿವಾಸಿಗಳಾದ ಇಶಿಲ್ ಮಾಯಾ ಜನರ ನರಮೇಧಕ್ಕಾಗಿ 2013ರ ಮೇ 10ರಂದು 80 ವರ್ಷಗಳ ಶಿಕ್ಷೆಯಾಗಿ, ಹತ್ತೇ ದಿನಗಳಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ತೀರ್ಪನ್ನು ರದ್ದುಗೊಳಿಸಿತ್ತು. ಚಿತ್ರದ ಮುದಿ ಜನರಲ್ ಕೂಡ ಹೀಗೆಯೇ ಪಾರಾಗಿ ಮನೆ ಸೇರುತ್ತಾನೆ. ನ್ಯಾಯಾಲಯದಲ್ಲಿ ಕಸೂತಿಯ ಮುಸುಕಿನೊಳಗಿಂದ ವೃದ್ಧೆಯೊಬ್ಬಳು ತಾನು ಕಂಡದ್ದನ್ನು ತನ್ನ ನುಡಿಯಲ್ಲೇ ಹೇಳುತ್ತಿರುವಾಗ ಕ್ಯಾಮೆರಾ ನಿಧಾನವಾಗಿ ಹಿಂದೆ ಸರಿಯುತ್ತದೆ, ಕತ್ತರಿಸುವುದೇ ಇಲ್ಲ. ಇತ್ತ ಜನರಲ್‌ನ ಬಂಗಲೆಗೆ ಕೆಲಸಕ್ಕೆ ಬರುವ ಅಲ್ಮಾ ಎಂಬ ಮಾಯಾ ಯುವತಿಯೇ ಇಲ್ಲಿಯ ಯೊರೋನಾ. ಅವಳ ಮಕ್ಕಳನ್ನು ನೀರಿನಲ್ಲಿ ಮುಳುಗಿಸಿ ಕೊಂದದ್ದು ಅವನ ಸೈನ್ಯ.

ಇದನ್ನು ನಿರ್ದೇಶಕರು ಮನಸೋ ಇಚ್ಛೆ ತಿರುಚಿದ್ದಾರೆ ಎನ್ನುವವರಿಗೆ ನಾನು ಹದಿನಾರನೆಯ ಶತಮಾನದ ಫ್ಲಾರೆಂಟೈನ್ ಕೋಡೆಕ್ಸ್ ಎಂಬ ಹಸ್ತಪ್ರತಿಯನ್ನು ತೋರಿಸುತ್ತೇನೆ. ಸ್ಪೇನಿನವರು ಬರುವ ಮೊದಲು ಮೆಕ್ಸಿಕೊದ ಜನ ಕಂಡ ಎಂಟು ಅಪಶಕುನಗಳನ್ನು ಪಾದ್ರಿ ಬೆರ್ನಾರ್ದಿನೊ ದೆ ಸಾಆಗೂನ್ ಅದರಲ್ಲಿ ದಾಖಲಿಸಿದ್ದಾರೆ. ಅವುಗಳಲ್ಲಿ ಆರನೆಯದು, ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಲಿ ಎಂದು ರಾತ್ರಿ ರೋದಿಸುವ ಹೆಂಗಸಿನ ದನಿ. ಅವಳು ಯಾರನ್ನೂ ಕೊಂದವಳಲ್ಲ. ಮಕ್ಕಳಿಗೆ ಬರಲಿರುವ ಕೇಡನ್ನು ಮೊದಲೇ ಅರಿತು ಅಳುವವಳು. ಬುಸ್ತಮಾಂತೆಯವರ ಅಲ್ಮಾ ನನಗೆ ಆ ತಾಯಿಯ ವಂಶದವಳಾಗಿಯೇ ಕಾಣುತ್ತಾಳೆ. ಈ ಚಿತ್ರವನ್ನು ನೋಡುವವರು ಹೆಸರುಗಳು ಉರುಳತೊಡಗಿದೊಡನೆ ಏಳಬೇಡಿ, ಏಕೆಂದರೆ ಆ ಹಳೆಯ ಹಾಡು ಗ್ವಾಟೆಮಾಲಾದ ಗಾಯಕಿ ಗಾಬಿ ಮೊರೆನೊ ಅವರ ಕಂಠದಲ್ಲಿ ಕೇಳಿಬರುವುದು ಅಲ್ಲಿಯೇ.