ಮನಸ್ಸು ಒಲ್ಲದ ದಿನಗಳಲ್ಲಿ ಕೆಲಸ

ಸಭಿಕರೆಲ್ಲರಿಗೂ ನಮಸ್ಕಾರ.

ಹುರುಪು ತುಂಬಿದ ದಿನಗಳಲ್ಲಿ ಯಾರಿಗೂ ಉಪದೇಶ ಬೇಕಾಗುವುದಿಲ್ಲ. ಬೆಳಿಗ್ಗೆ ಏಳುವಾಗಲೇ ಮೈ ಭಾರವಾಗಿ, ಮಾಡಬೇಕಾದ ಕೆಲಸ ನೆನಪಾದೊಡನೆ ಮನಸ್ಸು ಹಿಂದೇಟು ಹಾಕುವ ದಿನಗಳನ್ನು ಕುರಿತು ನಾನಿಂದು ಮಾತನಾಡಬಯಸುತ್ತೇನೆ. ಅಂಥ ದಿನ ನಾವು ಸಾಮಾನ್ಯವಾಗಿ 'ಸ್ವಲ್ಪ ಉತ್ಸಾಹ ಬರಲಿ, ಆಮೇಲೆ ಶುರುಮಾಡೋಣ' ಎಂದು ಕಾಯುತ್ತೇವೆ. ಈ ಕಾಯುವಿಕೆಯೇ ದಿನವನ್ನು ನುಂಗಿಹಾಕುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸೋನ್ ಖಿನ್ನತೆಯನ್ನು ವಿವರಿಸಿದ ರೀತಿ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಮನಸ್ಸು ಕುಗ್ಗಿದವರು ತಮ್ಮ ಚಟುವಟಿಕೆಗಳನ್ನು ಒಂದೊಂದಾಗಿ ಕೈಬಿಡುತ್ತಾರೆ. ಕೈಬಿಟ್ಟಷ್ಟೂ ಸಂತೋಷವೋ ಸಮಾಧಾನವೋ ದೊರೆಯುವ ಸಂದರ್ಭಗಳು ಕಡಿಮೆಯಾಗುತ್ತವೆ. ಅವು ಕಡಿಮೆಯಾದಷ್ಟೂ ಮನಸ್ಸು ಮತ್ತಷ್ಟು ಕುಗ್ಗುತ್ತದೆ. ಈ ಸುಳಿಯನ್ನು ಚಟುವಟಿಕೆಯ ಕಡೆಯಿಂದ ಮುರಿಯುವ ಚಿಕಿತ್ಸೆ 'ಬಿಹೇವಿಯರಲ್ ಆಕ್ಟಿವೇಶನ್' ಎಂಬ ಹೆಸರಿನಲ್ಲಿ ಬೆಳೆಯಿತು. ಮನಶ್ಶಾಸ್ತ್ರಜ್ಞ ನೀಲ್ ಜೇಕಬ್‌ಸನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಟುವಟಿಕೆಯ ಭಾಗವನ್ನಷ್ಟೇ ಪಡೆದ ರೋಗಿಗಳು, ಆಲೋಚನೆಗಳನ್ನು ತಿದ್ದುವ ಭಾಗವನ್ನೂ ಒಳಗೊಂಡ ಪೂರ್ಣ ಚಿಕಿತ್ಸೆ ಪಡೆದವರಷ್ಟೇ ಚೇತರಿಸಿಕೊಂಡಿದ್ದರು. ಕಾಯಿಲೆಯೇ ಬೇರೆ, ಒಂದು ದಿನದ ಬೇಸರವೇ ಬೇರೆ, ನಿಜ. ಆದರೂ ಮನಸ್ಸು ಸರಿಹೋಗುವ ಮೊದಲೇ ಕೆಲಸಕ್ಕೆ ಕೈಹಚ್ಚಬಹುದು ಎಂಬ ತಿಳಿವಳಿಕೆ ಎರಡು ಸ್ಥಿತಿಗಳಲ್ಲೂ ಉಪಯೋಗಕ್ಕೆ ಬರುವಂಥದ್ದು.

ಪರೀಕ್ಷೆಗೆ ಓದಬೇಕಾದ ಒಬ್ಬ ವಿದ್ಯಾರ್ಥಿಯನ್ನು ಗಮನಿಸಿ. ಪುಸ್ತಕ ತೆರೆದಿದೆ, ಕಣ್ಣು ಒಂದೇ ಸಾಲಿನ ಮೇಲೆ ಮತ್ತೆ ಮತ್ತೆ ಓಡುತ್ತಿದೆ, ಕೈ ಮೊಬೈಲಿನತ್ತ ಹೋಗುತ್ತಿದೆ. ಅವನ ಮುಂದಿರುವುದು 'ಇಡೀ ಪಾಠ ಮುಗಿಸಬೇಕು' ಎಂಬ ಗುರಿ. ಆ ದಿನದ ಶಕ್ತಿಗೆ ಅದು ನಿಲುಕುವುದಿಲ್ಲ. ಅದರ ಬದಲು ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಬಂದು, ಒಂದೇ ಒಂದು ಪ್ಯಾರಾ ಓದಿ, ಅದರ ಸಾರವನ್ನು ತನ್ನ ಮಾತಿನಲ್ಲಿ ಎರಡು ಸಾಲು ಬರೆದರೆ, ಕೈಗೆ ಒಂದು ಕೆಲಸ ಸಿಕ್ಕಂತಾಗುತ್ತದೆ. ಎಷ್ಟೋ ಸಲ ಓದು ಅಲ್ಲಿಂದ ತಾನಾಗಿಯೇ ಮುಂದುವರಿಯುತ್ತದೆ. ಮುಂದುವರಿಯದಿದ್ದರೂ ಆ ಎರಡು ಸಾಲು ನಾಳೆಗೆ ಉಳಿದಿರುತ್ತವೆ, ಮತ್ತು ಅದನ್ನು ಕಡಿಮೆಯೆಂದು ಹೀಗಳೆಯಬಾರದು.

ಇನ್ನೊಂದು ಮಾತು. ಏನು ಮಾಡಬೇಕೆಂಬ ತೀರ್ಮಾನವನ್ನು ಸೋತ ಹೊತ್ತಿನ ಮನಸ್ಸಿಗೆ ಬಿಡಬಾರದು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಅವರ ಸಂಶೋಧನೆಯ ತಿರುಳು ಇದೇ: 'ಓದುತ್ತೇನೆ' ಎಂಬ ಸಂಕಲ್ಪಕ್ಕಿಂತ 'ಹಲ್ಲುಜ್ಜಿದ ಕೂಡಲೇ ಮೇಜಿನ ಮುಂದೆ ಕುಳಿತು ಮೂರನೆಯ ಅಧ್ಯಾಯ ತೆರೆಯುತ್ತೇನೆ' ಎಂಬಂತೆ ಸಮಯ, ಸ್ಥಳ ಗೊತ್ತುಮಾಡಿಕೊಂಡ ಸಂಕಲ್ಪ ಹೆಚ್ಚು ಬಾರಿ ನೆರವೇರುತ್ತದೆ. ಅವರೂ ಮನಶ್ಶಾಸ್ತ್ರಜ್ಞ ಪ್ಯಾಸ್ಕಲ್ ಶೀರನ್ ಅವರೂ 2006ರಲ್ಲಿ ಇಂಥ 94 ಸಂಶೋಧನಾ ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಈ ಪರಿಣಾಮ ಸ್ಪಷ್ಟವಾಗಿಯೇ ಕಂಡಿತ್ತು.

ಇಷ್ಟೆಲ್ಲ ಹೇಳಿದ ಮೇಲೂ, ಎಲ್ಲ ಆಯಾಸವನ್ನೂ ಮನಸ್ಸಿನ ತಲೆಗೆ ಕಟ್ಟುವುದು ಅನ್ಯಾಯ. ವಯಸ್ಕರಿಗೆ ರಾತ್ರಿ ಕನಿಷ್ಠ 7 ಗಂಟೆಗಳ ನಿದ್ದೆ ಬೇಕು. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಶೇಖರಗೊಂಡು ನಿದ್ದೆಯ ಒತ್ತಡವನ್ನು ಹೆಚ್ಚಿಸುತ್ತದೆ. ಕಾಫಿಯಲ್ಲಿರುವ ಕೆಫೀನ್ ಅದರ ಪ್ರಭಾವವನ್ನು ತಾತ್ಕಾಲಿಕವಾಗಿ ತಡೆಯುತ್ತದೆಯೇ ಹೊರತು ನಿದ್ದೆಯ ಕೊರತೆಯನ್ನು ತುಂಬಿಕೊಡುವುದಿಲ್ಲ. ನಿದ್ದೆಗೆಟ್ಟವರು ತಮ್ಮನ್ನು ಸೋಮಾರಿಯೆಂದು ಬೈದುಕೊಳ್ಳುವ ಬದಲು ಮಲಗಬೇಕು.

ವಿಶ್ರಾಂತಿ ಪಡೆದರೂ ಸುಸ್ತು ಹೋಗದಿದ್ದರೆ ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ತೊಂದರೆ ಇರಬಹುದು. ಮನಸ್ಸು ಕುಗ್ಗಿದ ಸ್ಥಿತಿ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರ ಬಿಡದೆ ಕಾಡಿದರೆ ಅದು ಖಿನ್ನತೆಯೂ ಆಗಿರಬಹುದು. ಬದುಕೇ ಬೇಡವೆನಿಸಿದರಂತೂ ಒಂದು ದಿನವೂ ಕಾಯದೆ ಆಪ್ತರಿಗೆ ತಿಳಿಸಿ ವೈದ್ಯರನ್ನು ಕಾಣಬೇಕು. ವೈದ್ಯರೆದುರು 'ಸುಸ್ತು' ಎಂದಷ್ಟೇ ಹೇಳಿ ಸುಮ್ಮನಾಗದೆ, ಅದು ಯಾವಾಗಿನಿಂದ ಇದೆ, ನಿದ್ದೆ, ಹಸಿವು, ತೂಕಗಳಲ್ಲಿ ಏನು ವ್ಯತ್ಯಾಸವಾಗಿದೆ, ಯಾವ ಔಷಧಿ ಸೇವಿಸುತ್ತಿದ್ದೀರಿ ಎಂಬುದನ್ನು ಬರೆದುಕೊಂಡು ಹೋಗಿ. ಕಾರಣ ಹುಡುಕುವ ಕೆಲಸ ಅವರಿಗೆ ಅಷ್ಟರಮಟ್ಟಿಗೆ ಸುಲಭವಾಗುತ್ತದೆ.