ನೊವ್ಗೊರೊದ್‌ನ ತೊಗಟೆ ಓಲೆಗಳು

ಕೇಳುಗರೇ, ನಮಸ್ಕಾರ.

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರೈಲು ಹತ್ತಿದರೆ ಸುಮಾರು ಮೂರು ತಾಸಿಗೆ ವೆಲಿಕಿ ನೊವ್ಗೊರೊದ್ ಬರುತ್ತದೆ. ನೊವ್ಗೊರೊದ್ ಅಂದರೆ ಹೊಸ ಊರು. ಹೆಸರು ಹಾಗಿದ್ದರೂ ಈ ಊರಿಗೆ ಸಾವಿರ ವರ್ಷಕ್ಕಿಂತ ಜಾಸ್ತಿ ವಯಸ್ಸು.

ನಡುವೆ ವೋಲ್ಖೊವ್ ಹೊಳೆ. ಒಂದು ದಡದಲ್ಲಿ ಕೆಂಪು ಇಟ್ಟಿಗೆಯ ಕೋಟೆ, ಅದರೊಳಗೆ ಬಿಳಿ ಗೋಡೆಯ ಸೇಂಟ್ ಸೋಫಿಯಾ ಚರ್ಚು. 1045ರಲ್ಲಿ ಕಟ್ಟಲು ಶುರುಮಾಡಿದ್ದು. ನಡುಗುಮ್ಮಟದ ಶಿಲುಬೆಯ ತುದಿಯಲ್ಲಿ ಲೋಹದ ಒಂದು ಪಾರಿವಾಳ ಕೂತಿದೆ. ಅದು ಇರುವ ತನಕ ಊರಿಗೆ ಕೇಡಿಲ್ಲ ಅಂತ ಇಲ್ಲಿಯವರ ನಂಬಿಕೆ. ಎರಡನೇ ಮಹಾಯುದ್ಧದಲ್ಲಿ ಊರು ನೆಲಸಮವಾಯಿತು. ಹಳೇ ಶಿಲುಬೆ ಸ್ಪೇನ್ ಸೇರಿತು. 2004ರಲ್ಲಿ ವಾಪಸ್ ಬಂದ ಅದನ್ನು ಈಗ ಚರ್ಚಿನ ಒಳಗೇ ಇಟ್ಟಿದ್ದಾರೆ. ಅದರ ಎದುರು ತುಂಬಾ ಹೊತ್ತು ನಿಂತಿದ್ದೆ.

ಆದರೆ ನನ್ನ ಮನಸ್ಸು ನೆಟ್ಟಿದ್ದು ಮ್ಯೂಸಿಯಮ್ಮಿನ ತೊಗಟೆ ಚೂರುಗಳಲ್ಲಿ. ಬರ್ಚ್ ಮರದ ತೊಗಟೆ, ನಮ್ಮ ಹಿಮಾಲಯದ ಭೂರ್ಜಪತ್ರದ ಜಾತಿಯದೇ. ತಾಳೆಗರಿಯ ಮೇಲೆ ನಮ್ಮವರು ಕಬ್ಬಿಣದ ಕಂಟದಿಂದ ಕೊರೆದ ಹಾಗೆ, ಇವರು ಚೂಪು ಕಡ್ಡಿಯಿಂದ ತೊಗಟೆಯಲ್ಲಿ ಗೀಚುತ್ತಿದ್ದರು. ಓದಿ ಬಿಸಾಡಿದ್ದು ಕೆಸರಿನಲ್ಲಿ ಹೂತುಹೋಯಿತು. ಈ ಊರಿನ ಮಣ್ಣು ಸದಾ ಒದ್ದೆ, ಗಾಳಿಯಾಡುವುದಿಲ್ಲ. ಹಾಗಾಗಿ ಅವು ಕೊಳೆಯಲಿಲ್ಲ. 1951ರಲ್ಲಿ ಮೊದಲ ಓಲೆ ಸಿಕ್ಕಿತು, ಈಗ ಸಾವಿರ ದಾಟಿವೆ.

ಏನು ಬರೆದಿದ್ದಾರೆ ಗೊತ್ತೇ? ಸಾಲ, ವ್ಯಾಪಾರ, ಮನೆವಾರ್ತೆ. ಬೋರಿಸ್ ಅನ್ನುವವನು ನಸ್ತಾಸ್ಯಾಳಿಗೆ ಬರೆಯುತ್ತಾನೆ: ಕುದುರೆಯ ಮೇಲೆ ಆಳನ್ನು ಕಳಿಸು, ಇಲ್ಲಿ ಕೆಲಸ ಬಹಳ ಇದೆ. ಹಾಗೇ ಒಂದು ಅಂಗಿ ಕಳಿಸು, ಮರೆತು ಬಂದಿದ್ದೇನೆ. ಆರುನೂರು ವರ್ಷ ಹಳೆಯ ಮಾತು ಇದು! ನಿನ್ನೆ ನಮ್ಮ ಮನೆಗೆ ಬಂದ ಫೋನಿನ ಹಾಗಿದೆ, ಅಲ್ವಾ?

ಇನ್ನೊಬ್ಬ ಓನ್ಫಿಮ್. 13ನೇ ಶತಮಾನದ ಪುಟ್ಟ ಹುಡುಗ, ಆರೇಳು ವರ್ಷ ಇದ್ದಿರಬೇಕು ಅನ್ನುತ್ತಾರೆ. ಹಳೇ ತೊಗಟೆ ಡಬ್ಬಿಯ ತಳದ ಮೇಲೆ ಅಕ್ಷರ ತಿದ್ದಿದ್ದಾನೆ. ತಿರುಗಿಸಿದರೆ ಆ ಕಡೆ ಒಂದು ಮೃಗ, ಬಾಲ ಸುರುಳಿ, ಪಕ್ಕದಲ್ಲಿ "ನಾನು ಕಾಡುಮೃಗ" ಅಂತ ಬರಹ. ಗೆಳೆಯ ದನಿಲೋಗೆ ನಮಸ್ಕಾರ ಬೇರೆ. ಮತ್ತೊಂದು ಚೂರಿನಲ್ಲಿ ವರ್ಣಮಾಲೆ ಅರ್ಧಕ್ಕೂ ಬಂದಿಲ್ಲ, ಕುದುರೆ ಸವಾರ ಬಂದುಬಿಟ್ಟಿದ್ದಾನೆ. ಕೈಯಲ್ಲಿ ಈಟಿ, ಕೆಳಗೆ ಬಿದ್ದ ವೈರಿ. ಸವಾರನ ಪಕ್ಕ ತನ್ನದೇ ಹೆಸರು ಬರೆದುಕೊಂಡಿದ್ದಾನೆ: ಓನ್ಫಿಮ್.