ಹೋರ್ಡಿಂಗ್ ನೋಡುವ ಮೊದಲು ನಕ್ಷೆ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹೆದ್ದಾರಿ ಬದಿಯ ಹೋರ್ಡಿಂಗ್ ವಿಷಯ ಸ್ಥಳೀಯ ಸಭೆಗೆ ಬಂತು ಅಂದರೆ ಜಗಳ ಎಲ್ಲಿ ಶುರುವಾಗುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ಊರಿನ ಅಂದ ಕೆಡುತ್ತದೆ ಅಂತ ಒಬ್ಬರು ಎದ್ದು ನಿಲ್ಲುತ್ತಾರೆ. ಬರುವ ತೆರಿಗೆ ಯಾಕೆ ಬಿಡಬೇಕು ಅಂತ ಇನ್ನೊಬ್ಬರು. ಗಂಟೆಗಟ್ಟಲೆ ಇದೇ ನಡೆಯುತ್ತದೆ. ಮೇಜಿನ ಮೇಲೆ ಒಂದು ನಕ್ಷೆ ಸುಮ್ನೆ ಮಡಚಿ ಬಿದ್ದಿರುತ್ತದೆ. ಅದರಲ್ಲಿ ಹೆದ್ದಾರಿಯ ಉದ್ದಕ್ಕೂ ಒಂದು ಸಣ್ಣ ಪಟ್ಟಿಗೆ ಬೇರೆ ಬಣ್ಣ ಬಳಿದಿರುತ್ತಾರೆ. ಬಣ್ಣ ಅಂದರೆ ವಲಯದ ಗುರುತು, ಆ ಜಮೀನನ್ನು ಯಾವುದಕ್ಕೆ ಬಳಸಬಹುದು ಅಂತ ಹೇಳುವುದು ಅದು. ನನಗೆ ಇವತ್ತು ಹೇಳಬೇಕಾಗಿರುವುದು ಆ ಬಣ್ಣದ ಕಥೆ.

ಈ ಆಟವನ್ನು ಅಮೆರಿಕದವರಷ್ಟು ಆಡಿದವರು ಕಡಿಮೆ. ಅಲ್ಲಿ 1965ರಲ್ಲಿ ಹೆದ್ದಾರಿಗಳ ಅಂದ ಕಾಪಾಡಲು ಒಂದು ಕಾಯ್ದೆ ಬಂತು. ಸಹಿ ಹಾಕಿದ್ದು ಅಧ್ಯಕ್ಷ ಲಿಂಡನ್ ಜಾನ್ಸನ್. ಹಿಂದೆ ಬಿದ್ದು ಮಾಡಿಸಿದ್ದು ಅವರ ಹೆಂಡತಿ ಲೇಡಿ ಬರ್ಡ್. ಹಾಗಾಗಿ ಜನ ಅದನ್ನು 'ಲೇಡಿ ಬರ್ಡ್ ಮಸೂದೆ' ಅಂತಲೇ ಕರೆದರು. ದೊಡ್ಡ ಹೆದ್ದಾರಿಗಳ ಅಂಚಿನಿಂದ 660 ಅಡಿಯೊಳಗೆ ಹೋರ್ಡಿಂಗ್‌ಗೆ ಕಡಿವಾಣ. ಪಾಲಿಸದ ರಾಜ್ಯಕ್ಕೆ ಕೇಂದ್ರದ ಹೆದ್ದಾರಿ ಹಣದಲ್ಲಿ ನೂರಕ್ಕೆ 10 ಖೋತಾ.

ಕೇಳೋಕೆ ಬಿಗಿಯಾಗಿಯೇ ಇದೆ, ಅಲ್ವಾ? ಆದರೆ ಒಂದು ಕಿಂಡಿ ಇತ್ತು. ವಾಣಿಜ್ಯ ಮತ್ತು ಕೈಗಾರಿಕಾ ವಲಯಗಳಲ್ಲಿ ಫಲಕ ಹಾಕಬಹುದು. ವಲಯ ಯಾವುದು ಅಂತ ಹೇಳುವವರು ಯಾರು? ಬಹುಮಟ್ಟಿಗೆ ಸ್ಥಳೀಯ ಆಡಳಿತ. ಸರಿ, ಹುಲ್ಲು ಬೆಳೆಯುವ ಬಯಲು ಕಾಗದದ ಮೇಲೆ ರಾತ್ರೋರಾತ್ರಿ ವಾಣಿಜ್ಯ ವಲಯವಾಯಿತು. ಅಲ್ಲಿ ಅಂಗಡಿ ಇಲ್ಲ, ನೀರಿನ ಪೈಪಿಲ್ಲ, ಒಳಗೆ ಹೋಗಲು ದಾರಿಯೂ ಇಲ್ಲ. ಇರುವುದು ಒಂದು ಕಬ್ಬಿಣದ ಕಂಬ, ಅದರ ತಲೆಯ ಮೇಲೆ 14 ಅಡಿ ಎತ್ತರ, 48 ಅಡಿ ಅಗಲದ ಜಾಹೀರಾತು. ಫಲಕಕ್ಕೋಸ್ಕರವೇ ಮಾಡಿದ ವಲಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಕೇಂದ್ರ ನಿಯಮ ಮಾಡಿತು. ಆದರೆ ಯಾವ ಉದ್ದೇಶಕ್ಕೆ ಬಣ್ಣ ಬಳಿದಿರಿ ಅಂದರೆ ಯಾರು ತಾನೇ ಒಪ್ಪಿಕೊಳ್ಳುತ್ತಾರೆ? ಇನ್ನು ಕೆಲವರು 660 ಅಡಿಯ ಗೆರೆಯ ಆಚೆ ಹೋಗಿ, ರಸ್ತೆಗೆ ಕಾಣುವಷ್ಟು ಎತ್ತರಕ್ಕೆ ಫಲಕ ಎಬ್ಬಿಸಿದರು. ಅದನ್ನು ತಡೆಯಲು ಹತ್ತು ವರ್ಷದೊಳಗೆ ಕಾಯ್ದೆಯನ್ನೇ ತಿದ್ದಬೇಕಾಯಿತು.

ತಪ್ಪಾಯಿತು, ಮುಂದಿನ ವರ್ಷ ತೆಗೆಸೋಣ ಅಂತ ಅಂದುಕೊಂಡರೂ ಆಗುವುದಿಲ್ಲ. ಈ ಹೆದ್ದಾರಿಗಳ ಬದಿಯಲ್ಲಿ ಕಾನೂನು ಪ್ರಕಾರ ನಿಂತ ಫಲಕವನ್ನು ಸ್ಥಳೀಯ ಆಡಳಿತ ತೆಗೆಸಿದರೂ ಮಾಲೀಕರಿಗೆ ಪರಿಹಾರ ಕೊಡಬೇಕು ಅಂತ 1978ರಲ್ಲಿ ತಿದ್ದುಪಡಿ ಬಂತು. ಸಣ್ಣ ಊರಿನ ಖಜಾನೆಗೆ ಅಷ್ಟು ಹಣ ಎಲ್ಲಿಂದ ಬರಬೇಕು? ಒಂದು ಸಂಜೆ ಎತ್ತಿದ ಕೈಗಳ ಫಲ ಮೊಮ್ಮಕ್ಕಳ ಕಾಲಕ್ಕೂ ನಿಂತಿರುತ್ತದೆ.

ಈಗಿನ ಸಭೆಗಳಲ್ಲಿ ಇನ್ನೊಂದು ಅರ್ಜಿ ಜಾಸ್ತಿ ಬರುತ್ತದೆ. 'ಹೊಸದೇನೂ ಬೇಡ ಸ್ವಾಮಿ, ಇರುವ ಫಲಕವನ್ನೇ ಎಲ್‌ಇಡಿ ಪರದೆ ಮಾಡಿಕೊಳ್ಳುತ್ತೇವೆ' ಅಂತ. ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಪರದೆಯ ಮೇಲಿನ ಚಿತ್ರ 8 ಸೆಕೆಂಡಿಗೊಮ್ಮೆ ಬದಲಾಗುತ್ತದೆ ಅಂತಿಟ್ಟುಕೊಳ್ಳಿ. ಅರ್ಧ ಕಿಲೋಮೀಟರ್ ದೂರದಿಂದ ಅದು ಕಂಡರೆ, ದಾಟುವಷ್ಟರಲ್ಲಿ ಎರಡು ಸಲವಾದರೂ ಚಿತ್ರ ಬದಲಾಗಿರುತ್ತದೆ. ಹಳೆಯ ಫಲಕವನ್ನು ಒಮ್ಮೆ ಓದಿದರೆ ಮುಗಿಯಿತು. ಇದು ಹಾಗಲ್ಲ, ಮುಂದೇನು ಬರುತ್ತದೋ ಅಂತ ಕಣ್ಣು ಕಾಯುತ್ತದೆ. ಎರಡು ಸೆಕೆಂಡ್ ಕಾದರೆ 44 ಮೀಟರ್ ರಸ್ತೆ ನೋಡದೆ ಓಡಿಸಿದ ಹಾಗೆ. ಕಂಬ ಅದೇ ಇರಬಹುದು. ಫಲಕ ಅದೇ ಅಂತ ನಾನಂತೂ ಒಪ್ಪುವುದಿಲ್ಲ.

ಬಿರುಗಾಳಿಯ ಅಪಾಯವೂ ಇದೆ. 2024ರ ಮೇ ತಿಂಗಳಲ್ಲಿ ಮುಂಬೈನ ಘಾಟ್‌ಕೋಪರ್‌ನಲ್ಲಿ ಬಿರುಗಾಳಿಗೆ ಪೆಟ್ರೋಲ್ ಬಂಕ್ ಮೇಲೆ ಹೋರ್ಡಿಂಗ್ ಬಿದ್ದು 17 ಜನ ಸತ್ತರು. ಅನುಮತಿಯ ಮಿತಿ 40 ಅಡಿಗೆ 40 ಅಡಿ. ಅದು ಇದ್ದದ್ದು 120ಕ್ಕೆ 120. ಅಂದರೆ ಒಂಬತ್ತು ಪಟ್ಟು ದೊಡ್ಡದು.

ಹಾಗಂತ ವ್ಯಾಪಾರಿಗಳ ಮಾತು ತಳ್ಳಿಹಾಕುವಂಥದ್ದಲ್ಲ. ಹೆದ್ದಾರಿಯಿಂದ ಒಳಗಿರುವ ಸಣ್ಣ ಅಂಗಡಿಯವರು ತಾವಿದ್ದೇವೆ ಅಂತ ಹೇಗೆ ತಿಳಿಸಬೇಕು? ಅಮೆರಿಕದ ವರ್ಮಾಂಟ್ ರಾಜ್ಯ 1968ರಲ್ಲಿ ಹೋರ್ಡಿಂಗ್‌ಗಳನ್ನು ನಿಷೇಧಿಸಿದಾಗ ಇದಕ್ಕೂ ದಾರಿ ಹುಡುಕಿತು. ಸರ್ಕಾರವೇ ಚಿಕ್ಕ ಫಲಕ ಹಾಕಿಸುತ್ತದೆ. ಅದರಲ್ಲಿ ಅಂಗಡಿಯ ಹೆಸರು, ಬಾಣದ ಗುರುತು, ದೂರ. ದೊಡ್ಡವರಿಗೂ ಅಷ್ಟೇ ಜಾಗ, ಚಿಕ್ಕವರಿಗೂ ಅಷ್ಟೇ. ನನಗೆ ಇದು ಬಹಳ ಹಿಡಿಸಿತು. ಮೇನ್, ಹವಾಯಿ, ಅಲಾಸ್ಕಾಗಳಲ್ಲೂ ಹೋರ್ಡಿಂಗ್ ಇಲ್ಲ. ಅಲ್ಲಿಯ ವ್ಯಾಪಾರವೇನೂ ನಿಂತುಹೋಗಿಲ್ಲ.

ಕೊನೆಗೆ ಒಂದು ಕೆಲಸದ ಮಾತು. ಇಂಥ ಸಭೆಯ ನೋಟಿಸಿನಲ್ಲಿ ಹೋರ್ಡಿಂಗ್ ಅನ್ನುವ ಪದ ಕಾಣಿಸದೇ ಇರಬಹುದು. 'ಹೆದ್ದಾರಿ ಪಕ್ಕದ ಜಮೀನಿನ ವಲಯ ಬದಲಾವಣೆ' ಅಂತ ಒಂದು ಸಪ್ಪೆ ಸಾಲು ಇರುತ್ತದೆ. ಆ ದಿನ ಸಭೆಗೆ ಹೋಗಿ. ನಕ್ಷೆಯನ್ನು ಬಿಡಿಸಿ ತೋರಿಸಿ ಅನ್ನಿ. ಹೊಸ ಬಣ್ಣ ಬಿದ್ದ ಪಟ್ಟಿಯ ಮೇಲೆ ಬೆರಳಿಟ್ಟು, ಇಲ್ಲಿ ಯಾವ ಅಂಗಡಿ ಬರುತ್ತದೆ, ಅದರ ಬಾಗಿಲು ಯಾವ ಕಡೆಗೆ ಅಂತ ಕೇಳಿ.

ನಮಸ್ಕಾರ.